ರೋಮನ್ನು ಬೆಳೆಸಿದ್ದು ಗುಡ್ಡವೋ, ಹೊಳೆಯೋ?

ಪ್ರಶ್ನೆ: ಏಳು ಗುಡ್ಡಗಳ ಮೇಲಿದ್ದ ಕಾರಣಕ್ಕೇ ರೋಮ್ ಶತ್ರುಗಳಿಗೆ ಬಗ್ಗದೆ ಬೆಳೆಯಿತು ಎಂದು ಶಾಲೆಯಲ್ಲಿ ಓದಿದ್ದೆ. ಸರಿಯೇ?
(ಓದುಗರೊಬ್ಬರು, ಶಿರಸಿ)

ಉತ್ತರ: ಅರ್ಧ ಸರಿ. ಅಂಥ ಗುಡ್ಡಗಳು ಲ್ಯಾಟಿಯಂ ಸೀಮೆಯಲ್ಲಿ ಬೇಕಾದಷ್ಟಿದ್ದವು. ರೋಮಿನ ದೊಡ್ಡ ಆಸ್ತಿ ಟೈಬರ್ ಹೊಳೆಯ ನಡುಗಡ್ಡೆ. ಅದರ ಆಸುಪಾಸಿನಲ್ಲಿ ಹೊಳೆ ದಾಟುವುದು ಸುಲಭ. ಸಮುದ್ರ ಸುಮಾರು 25 ಕಿ.ಮೀ. ದೂರ. ಹೊಳೆಬಾಯಿಯ ಆಗರಗಳ ಉಪ್ಪು ಒಳನಾಡಿನ ಸಬೈನ್ ಗುಡ್ಡಗಾಡಿಗೆ ಹೋಗುತ್ತಿದ್ದುದು ಈ ಹಾದಿಯಲ್ಲೇ. ಉತ್ತರದ ಎಟ್ರುರಿಯಾ ಸೀಮೆಯಿಂದ ದಕ್ಷಿಣದ ಕಂಪಾನಿಯಾಕ್ಕೆ ಹೋಗುವವರೂ ಇಲ್ಲೇ ಹೊಳೆ ದಾಟುತ್ತಿದ್ದರು. ಆ ಉಪ್ಪಿನ ದಾರಿಗೆ ಇಂದಿಗೂ ‘ವಿಯಾ ಸಲಾರಿಯಾ’ ಎಂದೇ ಹೆಸರು. ದಂಡೆಯ ಬಯಲಲ್ಲಿ ದನದ ಸಂತೆ ಸೇರುತ್ತಿತ್ತು.

ಪ್ಯಾಲಟೈನ್ ಗುಡ್ಡದ ಮೇಲೆ ಕ್ರಿ.ಪೂ. 8ನೇ ಶತಮಾನದ ಗುಡಿಸಲುಗಳ ಗುರುತು ಸಿಕ್ಕಿದೆ. ಒಂದರ ಅಳತೆ ಸುಮಾರು 4.9 ಮೀಟರ್ ಉದ್ದ, 3.6 ಮೀಟರ್ ಅಗಲ. ಜ್ವಾಲಾಮುಖಿಯ ಬೂದಿ ಗಟ್ಟಿಗೊಂಡು ಆದ ಟಫ್ ಕಲ್ಲು ಮೆದು. ಅದರಲ್ಲೇ ಕುಳಿ ಕೊರೆದು ಕಂಬ ನೆಟ್ಟು, ತಡಿಕೆ ಕಟ್ಟಿ ಮಣ್ಣು ಮೆತ್ತುತ್ತಿದ್ದರು. ಗೋಡೆ, ಮಾಡು ಎಲ್ಲ ಹೋಗಿ ಕುಳಿಗಳಷ್ಟೇ ಉಳಿದಿವೆ.

ಆದರೆ ಗುಡ್ಡಗಳ ಮೇಲಿನ ಊರುಗಳು ಒಂದಾಗಿ ನಗರವಾಗಲು ನಡುವಿನ ತಗ್ಗು ಬೇಕಿತ್ತು. ತೊಡಕಿದ್ದದ್ದು ಅಲ್ಲೇ. ಮುಂದೆ ಫೋರಮ್ (ಊರ ನಡುವಿನ ಸಭೆ-ಸಂತೆಯ ಬಯಲು) ಆದ ಆ ಜಾಗದ ನೆಲ ಸಮುದ್ರಮಟ್ಟದಿಂದ 6–7 ಮೀಟರ್ ಮಾತ್ರ ಮೇಲಿತ್ತು. ಟೈಬರ್ ಉಕ್ಕಿದರೆ ಮುಳುಗುತ್ತಿತ್ತು. ಕ್ರಿ.ಪೂ. 7ನೇ ಶತಮಾನದಲ್ಲಿ ಅಲ್ಲಿಗೆ 10,000 ಘನ ಮೀಟರಿಗೂ ಹೆಚ್ಚು ಮಣ್ಣು ಹೊತ್ತು ಸುರಿದು ಸುಮಾರು 9 ಮೀಟರಿಗೆ ಏರಿಸಿದರೆಂದು ಮಣ್ಣಿನ ಪದರ ಅಳೆದವರ ಲೆಕ್ಕ. ಬುಟ್ಟಿಯಲ್ಲಿ ಹೊತ್ತ ಮಣ್ಣು! ರೋಮನ್ನರ ಮೊದಲ ಸಾಹಸ ಯಾವುದೆಂದು ಕೇಳಿದರೆ ಯುದ್ಧಕ್ಕಿಂತ ಮೊದಲು ಇದನ್ನೇ ಹೇಳಬೇಕು. ಗುಡ್ಡಗಳಿಂದ ಇಳಿಯುವ ನೀರಿಗೆ ಕ್ಲೊಯಾಕಾ ಮ್ಯಾಕ್ಸಿಮಾ ಕಾಲುವೆ ತೋಡಿದರು. ಮೊದಲು ಅದು ತೆರೆದ ಕಾಲುವೆ, ಕಮಾನು ಮುಚ್ಚಿದ್ದು ಆಮೇಲೆ. ಆದರೂ ಹೊಳೆ ಏರಿದಾಗ ಕಾಲುವೆಯ ಬಾಯಿಯೇ ಮುಳುಗಿ, ನೀರು ಹಿಮ್ಮೊಗವಾಗಿ ಊರೊಳಗೆ ನುಗ್ಗುತ್ತಿತ್ತು. 1870ರ ದೊಡ್ಡ ನೆರೆಯ ನಂತರ ಎತ್ತರದ ದಂಡೆಗೋಡೆ ಕಟ್ಟಿದ ಮೇಲೆಯೇ ಈ ಕಾಟ ತಗ್ಗಿದ್ದು.

ಪ್ರಶ್ನೆ: ಮಾರ್ಚ್ ತಿಂಗಳಿಗೆ ಯುದ್ಧದೇವತೆ ಮಾರ್ಸ್‌ನ ಹೆಸರೇಕೆ?
(ಓದುಗರೊಬ್ಬರು, ಗದಗ)

ಉತ್ತರ: ರೋಮಿನಲ್ಲಿ ಮಳೆ ಬರುವುದು ಚಳಿಗಾಲದ ಆಸುಪಾಸಿನಲ್ಲಿ, ಬೇಸಿಗೆ ಒಣ. ಮಾರ್ಚ್ ಹೊತ್ತಿಗೆ ದಾರಿಯ ಕೆಸರು ಆರುತ್ತದೆ, ಕುದುರೆ, ಎತ್ತುಗಳಿಗೆ ಹಸಿ ಹುಲ್ಲು ಸಿಗುತ್ತದೆ. ದಂಡು ಹೊರಡುತ್ತಿದ್ದುದು ಆಗ. ಅಕ್ಟೋಬರ್ 19ರಂದು ಆಯುಧಗಳನ್ನು ಶುದ್ಧಿ ಮಾಡುವ ಹಬ್ಬ; ಅಲ್ಲಿಗೆ ಯುದ್ಧದ ಕಾಲ ಮುಗಿಯಿತು. ಸೈನಿಕ ರೈತನೇ ಆದ್ದರಿಂದ ಶರತ್ಕಾಲದ ಮಳೆಗೆ ಗೋಧಿ ಬಿತ್ತಲು ಅವನು ಹೊಲದಲ್ಲಿರಬೇಕು. ಕೊಯ್ಲು ಜೂನ್–ಜುಲೈಯಲ್ಲಿ, ಅಂದರೆ ಯುದ್ಧದ ನಟ್ಟನಡುವೆ. ಹಾಗಾಗಿ ದಂಡಯಾತ್ರೆಗಳು ಹತ್ತಿರದ ಊರುಗಳ ಮೇಲೆ, ಕೆಲವೇ ವಾರ.

ಉತ್ತರಕ್ಕೆ ಸುಮಾರು 16 ಕಿ.ಮೀ. ದೂರದ ವೇಯಿ ನಗರಕ್ಕೆ ಮುತ್ತಿಗೆ ಹಾಕಿದಾಗ ಈ ಪಂಚಾಂಗ ಮುರಿಯಿತು. ಚಳಿಗಾಲದಲ್ಲೂ ಸೈನ್ಯ ಬಯಲಲ್ಲೇ ಉಳಿಯಿತು, ಹೊಲ ಪಾಳು ಬಿದ್ದವು. ಸೈನಿಕರಿಗೆ ಸಂಬಳ ಕೊಡುವ ಪದ್ಧತಿ ಶುರುವಾದದ್ದೂ ಈ ಯುದ್ಧದ ಹೊತ್ತಿಗೇ, ಕ್ರಿ.ಪೂ. 406ರಲ್ಲಿ, ಎಂದು ರೋಮನ್ ಇತಿಹಾಸಕಾರ ಲಿವಿ ಬರೆದಿದ್ದಾನೆ.