ಪ್ರತಿ: ಮಂಡಿ ಮೇಲೆ ನಕ್ಷತ್ರದ ಹಚ್ಚೆ ಯಾಕೆ?

ರಷ್ಯನ್ ಕೈದಿಯ ಮಂಡಿ ಮೇಲೆ ನಕ್ಷತ್ರ ಯಾಕೆ, ಎದೆ ಮೇಲೆ ಚರ್ಚ್ ಇದೆ ಅಂದ್ರೆ ದೈವಭಕ್ತನಾ ಅಂತ ಕೇಳಿದ್ದೀರಿ. ನಕ್ಷತ್ರ ಅಂದರೆ 'ಯಾರ ಮುಂದೆಯೂ ಮಂಡಿಯೂರಲ್ಲ' ಅಂತ. ಚರ್ಚಿಗೂ ಭಕ್ತಿಗೂ ಅಂಥ ನಂಟಿಲ್ಲ. ಗುಮ್ಮಟ ಎಣಿಸಿ, ಸಾಮಾನ್ಯವಾಗಿ ಅಷ್ಟು ಸಲ ಶಿಕ್ಷೆಯಾಗಿದೆ ಅಂತ ಲೆಕ್ಕ.

ಸೋವಿಯತ್ ಜೈಲುಗಳಲ್ಲಿ ಹಚ್ಚೆಯೇ ಗುರುತಿನ ಚೀಟಿ. ಸುಮ್ನೆ ಶೋಕಿಗೆ ದೊಡ್ಡ ಕಳ್ಳರ ಗುರುತು ಹಾಕಿಸಿಕೊಂಡರೆ ಚರ್ಮದ ಸಮೇತ ಕಿತ್ತು ತೆಗೆಸುತ್ತಿದ್ದರು. ಶಾಯಿನೂ ಅಲ್ಲೇ ತಯಾರು: ಬೂಟಿನ ರಬ್ಬರ್ ಸುಟ್ಟ ಮಸಿಗೆ ಮೂತ್ರ ಬೆರೆಸಿ! ಸೂಜಿಗೆ ಗಿಟಾರ್ ತಂತಿ, ಮೋಟಾರಿಗೆ ಕರೆಂಟಿನ ಶೇವರ್. ಲೆನಿನ್‌ಗ್ರಾಡ್‌ನ ಕ್ರೆಸ್ತಿ ಜೈಲಿನ ಕಾವಲುಗಾರ ಡಾಂಟ್ಸಿಗ್ ಬಾಲ್ದಾಯೆವ್ 1948ರಿಂದ ಇಂಥ ಸಾವಿರಾರು ಹಚ್ಚೆಗಳನ್ನು ಚಿತ್ರ ಬರೆದಿಟ್ಟಿದ್ದಾರೆ.

ಈಗ ಫ್ಯಾಷನ್‌ಗೂ ಹಾಕಿಸುತ್ತಾರೆ, ಬರೀ ಫೋಟೋ ನೋಡಿ ಕಳ್ಳ ಅಂದುಬಿಡಬೇಡಿ.