ಕ್ಯಾಮೆರಾ ಪ್ರಶ್ನೋತ್ತರ: ಜೋಗಿಮಟ್ಟಿಯ ಗಾಳಿಗೆ ನಿಲ್ಲುವ ಟ್ರೈಪಾಡ್

ಪ್ರಶ್ನೆ: ನನ್ನ ಬಳಿ ಹಳೆಯ ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾ, 18-55 ಮತ್ತು 55-250 ಮಿಲಿಮೀಟರ್ ಲೆನ್ಸ್‌ಗಳಿವೆ. ಚಿತ್ರದುರ್ಗದ ಬಳಿಯ ಜೋಗಿಮಟ್ಟಿ ಗುಡ್ಡದಲ್ಲಿ ಬೆಳಗಿನ ಹೊತ್ತು ತೆಗೆದ ಚಿತ್ರಗಳು ಮಸುಕಾಗಿ ಬರುತ್ತಿವೆ. ಕೆಲವನ್ನು ಕಳಿಸಿದ್ದೇನೆ. ಇಪ್ಪತ್ತು ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ವೈಡ್ ಲೆನ್ಸ್ ಕೊಳ್ಳಲೇ, ಇನ್ನಷ್ಟು ಸೇರಿಸಿ ಹೊಸ ಬಾಡಿಯನ್ನೇ ಕೊಳ್ಳಲೇ?
– ಓದುಗರು, ಹೊಸದುರ್ಗ

ಉತ್ತರ: ಎರಡೂ ಬೇಡ. ನಿಮ್ಮ ಚಿತ್ರಗಳನ್ನು ಹಿಗ್ಗಿಸಿ ನೋಡಿದೆ. ದೂರದ ಗಾಳಿಯಂತ್ರದ ಕಂಬಕ್ಕೆ ಎರಡೆರಡು ಅಂಚುಗಳಿವೆ. ಮುಂದಿನ ಬಂಡೆಯ ಮೇಲಿನ ಬಿಳಿ ಚುಕ್ಕೆಗಳೂ ಅದೇ ದಿಕ್ಕಿಗೆ ಸಣ್ಣ ಗೆರೆಗಳಾಗಿ ಎಳೆದುಕೊಂಡಿವೆ. ಫೋಕಸ್ ತಪ್ಪಿದ್ದರೆ ಚುಕ್ಕೆ ಸುತ್ತಲೂ ಹರಡಿ ಮೆತ್ತಗಾಗುತ್ತಿತ್ತೇ ಹೊರತು ಗೆರೆಯಾಗುತ್ತಿರಲಿಲ್ಲ. ಅಲುಗಿರುವುದು ಕ್ಯಾಮೆರಾ; ಲೆನ್ಸಿನ ತಪ್ಪೇನೂ ಇಲ್ಲ. ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರ ನೆಟ್ಟಿದ್ದಾರೆಂದರೆ ಅಲ್ಲಿ ಎಂಥ ಗಾಳಿ ಬೀಸುತ್ತದೆಂದು ಬೇರೆ ಹೇಳಬೇಕಿಲ್ಲ. ಆ ಗಾಳಿಯಲ್ಲಿ ಕಾಲು ನಡುಗುವ ಟ್ರೈಪಾಡಿನ ಮೇಲೆ ಎಷ್ಟು ದುಬಾರಿ ಕ್ಯಾಮೆರಾ ಇಟ್ಟರೂ ಇದೇ ಫಲ.

ಹಾಗಾಗಿ ನಿಮ್ಮ ದುಡ್ಡಿನ ಬಹುಪಾಲನ್ನು ಟ್ರೈಪಾಡಿಗೆ ಹಾಕಿ. ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಕಾಲಿನ ಕೊನೆಯ ತುಂಡು. ಎಲ್ಲಕ್ಕಿಂತ ಸಪೂರವಾದ ಆ ತುಂಡೇ ಮೊದಲು ನಡುಗುವುದು. ನಾಲ್ಕು ತುಂಡಿನ ಕಾಲಿಗಿಂತ ಮೂರು ತುಂಡಿನದು ಗಟ್ಟಿ. ನಡುಗಂಬ ಎತ್ತದೆಯೇ ವ್ಯೂಫೈಂಡರ್ ನಿಮ್ಮ ಎದೆಯ ಮಟ್ಟಕ್ಕಾದರೂ ಬರಬೇಕು. ಕಾಲುಗಳನ್ನು ಪೂರ್ತಿ ಬಿಡಿಸಿ ನಿಲ್ಲಿಸಿ, ಮೇಲಿನ ತಟ್ಟೆಯನ್ನು ಹಿಡಿದು ತಿರುಚಿ ನೋಡಿ. ಅಂಗಡಿಯೊಳಗೇ ತಿರುಚಿಕೊಂಡರೆ ಅಲ್ಲೇ ಬಿಟ್ಟು ಬನ್ನಿ. ತೂಕ ಹೆಚ್ಚೆಂದು ಹಿಂಜರಿಯಬೇಡಿ. ಅಲ್ಯೂಮಿನಿಯಂ ಭಾರ ಗಾಳಿಯಲ್ಲಿ ನಿಮಗೆ ಒದಗಿ ಬರುತ್ತದೆ. ಬಂಡೆಯ ಮೇಲೆ ಮೊಳೆಕಾಲು ಜಾರುತ್ತದೆ, ರಬ್ಬರ್ ಕಾಲೇ ಇರಲಿ.

ಇನ್ನು ನಿಲ್ಲಿಸುವ ಬಗೆ. ಒಂದು ಕಾಲು ಗಾಳಿ ಹೋಗುವ ದಿಕ್ಕಿಗೆ ಚಾಚಿರಲಿ. ಎಲ್ಲ ತುಂಡು ಎಳೆಯಬೇಡಿ, ಮಂಡಿಯೂರಿ ಕೂತು ತೆಗೆಯಿರಿ. ಬ್ಯಾಗನ್ನು ಕೊಕ್ಕೆಗೆ ನೇತುಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನೇತಾಡುವ ಬ್ಯಾಗ್ ತಾನೂ ತೂಗಿ ಟ್ರೈಪಾಡನ್ನೂ ತೂಗಿಸುತ್ತದೆ. ಅದರ ತಳ ನೆಲಕ್ಕೆ ತಾಗುವಂತೆ ಇಳಿಬಿಡಿ. ಕ್ಯಾಮೆರಾ ಪಟ್ಟಿಯನ್ನು ಬಿಚ್ಚಿಡಿ. ನಿಮ್ಮ ಒಂದು ಚಿತ್ರದ ಮೂಲೆಯಲ್ಲಿ ಅದರ ತುದಿ ಹಾರಾಡುತ್ತಿರುವುದು ಕಾಣುತ್ತಿದೆ. ಅಷ್ಟು ಬಡಿತವೇ ಅರ್ಧ ಸೆಕೆಂಡಿನ ಎಕ್ಸ್‌ಪೋಷರ್ ಕೆಡಿಸಲು ಸಾಕು. ಬಿಸಿಲು ನೇರ ಲೆನ್ಸಿಗೆ ಬೀಳದಿದ್ದರೆ ಲೆನ್ಸಿನ ಬಾಯಿಗೆ ಹಾಕುವ ಹುಡ್ ಕೂಡ ತೆಗೆಯಿರಿ, ಅದು ಗಾಳಿಗೆ ಹಾಯಿಯ ಹಾಗೆ ಉಬ್ಬಿ ನಿಲ್ಲುತ್ತದೆ. ಲೆನ್ಸಿನ ಸ್ಟೆಬಿಲೈಸರ್ (ಕೈ ಅಲುಗಾಟ ತಗ್ಗಿಸುವ ಸೌಲಭ್ಯ) ಆಫ್ ಮಾಡಿ, 2 ಸೆಕೆಂಡಿನ ಟೈಮರ್ ಇಡಿ. ಗಾಳಿ ಒಂದೇ ಸಮ ಬೀಸುವುದಿಲ್ಲ, ನಡುನಡುವೆ ಉಸಿರು ಬಿಡುತ್ತದೆ. ಆ ಬಿಡುವಿಗೆ ಕಾಯುವುದು ಈ ಕೆಲಸದ ದೊಡ್ಡ ಭಾಗ.

ವೈಡ್ ಲೆನ್ಸಿನ ಆಸೆ ಸದ್ಯಕ್ಕೆ ಪಕ್ಕಕ್ಕಿರಲಿ. ಜೋಗಿಮಟ್ಟಿಯ ತುದಿಯಿಂದ ವೈಡ್‌ನಲ್ಲಿ ತೆಗೆದರೆ ಗುಡ್ಡಗಳೆಲ್ಲ ಕುಗ್ಗಿ ಒಂದು ಗೆರೆಯಾಗುತ್ತವೆ, ಉಳಿದದ್ದೆಲ್ಲ ಖಾಲಿ ಆಕಾಶ. ನಿಮ್ಮ 55-250 ಆ ಜಾಗಕ್ಕೆ ಹೇಳಿ ಮಾಡಿಸಿದ್ದು. 200ರ ಸುಮಾರಿಗೆ ಇಟ್ಟು ನೋಡಿ, ಒಂದರ ಹಿಂದೆ ಒಂದು ಗುಡ್ಡ ಒತ್ತಾಗಿ ಬಂದು ಕೂರುತ್ತವೆ, ಮಂಜಿನಲ್ಲಿ ಪ್ರತಿಯೊಂದರ ಬಣ್ಣವೂ ಬೇರೆ. ಮುಂದಿನ ಬಂಡೆಯೂ ದೂರದ ಗುಡ್ಡವೂ ಎರಡೂ ಸ್ಪಷ್ಟ ಬೇಕೆನಿಸಿದಾಗ 18-55 ತೆಗೆಯಿರಿ: 18ರಲ್ಲಿ, ಎಫ್/11ಕ್ಕೆ (ಇದು ಬೆಳಕಿನ ಕಿಂಡಿಯ ಅಳತೆ; ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು), ಒಂದೂವರೆ ಮೀಟರಿಗಿಂತ ತುಸು ಆಚೆ ಫೋಕಸ್ ಮಾಡಿದರೆ ಸುಮಾರು ಒಂದು ಮೀಟರಿನಿಂದ ಕಣ್ಣು ಹಾಯುವವರೆಗೂ ಚೆನ್ನಾಗಿ ಬರುತ್ತದೆ. ಎಫ್/22ಕ್ಕೆ ಹೋಗಬೇಡಿ, ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಪ್ರಶ್ನೆ: ಸೂಳೆಕೆರೆಯಲ್ಲಿ 10-20 ಲೆನ್ಸಿಗೆ ಪೋಲರೈಸರ್ (ಪ್ರತಿಫಲನದ ಹೊಳಪು ತಗ್ಗಿಸುವ ಫಿಲ್ಟರ್) ಹಾಕಿ ತೆಗೆದೆ. ಆಕಾಶದ ಮಧ್ಯೆ ಕಡು ನೀಲಿ ಪಟ್ಟೆ ಬಂದಿದೆ. ಫಿಲ್ಟರ್ ಕೆಟ್ಟಿದೆಯೇ?
– ಓದುಗರು, ದಾವಣಗೆರೆ

ಉತ್ತರ: ಫಿಲ್ಟರ್ ಸರಿಯಾಗಿಯೇ ಇದೆ. ಸೂರ್ಯನಿಗೆ 90 ಡಿಗ್ರಿಯಲ್ಲಿರುವ ಆಕಾಶದ ಮೇಲೆ ಪೋಲರೈಸರ್ ಹೆಚ್ಚು ಕೆಲಸ ಮಾಡುತ್ತದೆ, ಉಳಿದ ಕಡೆ ಕಡಿಮೆ. 10 ಮಿಲಿಮೀಟರ್ ಲೆನ್ಸ್ ಆಕಾಶದ ಅಷ್ಟೂ ಅಗಲವನ್ನು ಒಂದೇ ಚೌಕಟ್ಟಿಗೆ ತುಂಬಿಕೊಳ್ಳುವುದರಿಂದ ಆ ವ್ಯತ್ಯಾಸ ಪಟ್ಟೆಯಾಗಿ ಕಾಣುತ್ತದೆ. ಅಲ್ಲಿ ಆಕಾಶಕ್ಕಾಗಿ ಅದನ್ನು ಬಳಸಬೇಡಿ. ಕೆರೆಯಂಚಿನ ನೀರಿನೊಳಗಿನ ಕಲ್ಲು ಕಾಣಬೇಕಾದಾಗ, ಒದ್ದೆ ಎಲೆಗಳ ಹೊಳಪು ತೆಗೆಯಬೇಕಾದಾಗ ಬಳಸಿ. ಕೆರೆಯಲ್ಲಿ ಮೋಡದ ಪ್ರತಿಬಿಂಬ ಬೇಕೆಂದಾಗ ಕಳಚಿಡಿ, ಇಲ್ಲದಿದ್ದರೆ ಫಿಲ್ಟರ್ ಅದನ್ನೇ ಅಳಿಸಿಬಿಡುತ್ತದೆ.

ಪ್ರಶ್ನೆ: ವಾಣಿ ವಿಲಾಸ ಸಾಗರದ ಕೋಡಿ ನೀರನ್ನು ಹಾಲಿನಂತೆ ತೆಗೆಯಲು ಯಾವ ಎನ್‌ಡಿ ಫಿಲ್ಟರ್?
– ಓದುಗರು, ಹಿರಿಯೂರು

ಉತ್ತರ: ಎನ್‌ಡಿ ಎಂದರೆ ಲೆನ್ಸಿಗೆ ಬರುವ ಬೆಳಕನ್ನು ತಗ್ಗಿಸುವ ಕಪ್ಪು ಗಾಜು; ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ. 6 ಸ್ಟಾಪಿನದು ಸಾಕು. ಅದು ಬೆಳಕನ್ನು 64 ಪಟ್ಟು ತಗ್ಗಿಸುತ್ತದೆ. 1/60 ಸೆಕೆಂಡ್ ಇದ್ದದ್ದು ಸುಮಾರು ಒಂದು ಸೆಕೆಂಡ್ ಆಗುತ್ತದೆ. 10 ಸ್ಟಾಪ್ ಹಾಕಿದರೆ 17 ಸೆಕೆಂಡ್ ಆಗಿ ನೀರಿನ ಎಳೆಗಳೆಲ್ಲ ಕರಗಿ ಬರೀ ಬಿಳಿ ಬಟ್ಟೆ ಉಳಿಯುತ್ತದೆ. ಕಲ್ಲಿಗೆ ಬಡಿದು ಒಡೆಯುವ ನೀರಿನ ಎಳೆ ಉಳಿಯಬೇಕೆಂಬುದು ನನ್ನ ಅಭಿಪ್ರಾಯ. ಫ್ರೇಮ್ ಹಾಗೂ ಫೋಕಸ್ ಮುಗಿಸಿದ ಮೇಲೆಯೇ ಫಿಲ್ಟರ್ ಹಾಕಿ.

ಪ್ರಶ್ನೆ: ಚಿತ್ರದುರ್ಗದ ಕೋಟೆಯೊಳಗೆ ಟ್ರೈಪಾಡ್ ಒಯ್ಯಬಹುದೇ?
– ಓದುಗರು, ಚಳ್ಳಕೆರೆ

ಉತ್ತರ: ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ; ಟ್ರೈಪಾಡಿಗೆ ಮೊದಲೇ ಅನುಮತಿ ಪಡೆಯಬೇಕು. ಅನುಮತಿ ಇಲ್ಲದೆ ಹೋಗುವ ದಿನ ಬಟ್ಟೆ ಚೀಲಕ್ಕೆ ಒಂದು ಸೇರು ರಾಗಿ ತುಂಬಿ, ಬಾಯಿ ಹೊಲಿದು ಒಯ್ಯಿರಿ. ಬಯಲಲ್ಲಿರುವ ಬಂಡೆಯ ಮೇಲೆ ಅದನ್ನಿಟ್ಟು ಕ್ಯಾಮೆರಾ ಒತ್ತಿ ಕೂರಿಸಿ, ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 400ಕ್ಕೆ ಏರಿಸಿಕೊಳ್ಳಿ. ಕೆತ್ತನೆಯ ಕಲ್ಲಿನ ಮೇಲೆ ಮಾತ್ರ ಏನನ್ನೂ ಇಡಬೇಡಿ.