ಆಪ್ತಸಲಹೆ ಪ್ರಕರಣ: ತಪ್ಪು ಉತ್ತರ ಬಚ್ಚಿಟ್ಟ ಸಂಶೋಧಕ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಜಮಖಂಡಿ ಕಡೆಯ ಕಬ್ಬು ಬೆಳೆಗಾರರ ಮಗ. ಬೆಳಗಾವಿಯಲ್ಲಿ ರೂಮು ಮಾಡಿಕೊಂಡು ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ವಿಷಯ ಸಂಖ್ಯಾಸಿದ್ಧಾಂತ, ಅಂದರೆ ಪೂರ್ಣಾಂಕಗಳ ಗಣಿತ, ಅದೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವಂಥದ್ದು. ನಿದ್ದೆ ಇಲ್ಲ. ಗೈಡ್ ಫೋನ್ ಮಾಡಿದರೆ ಎತ್ತುವುದಿಲ್ಲ. ಊರಿಗೆ ಹೋಗುವುದನ್ನೂ ಬಿಟ್ಟಿದ್ದ. "ಹೋದ್ರ ಎಲ್ಲಾರೂ ಡಾಕ್ಟರ್ ಯಾವಾಗ ಆಗ್ತಿ ಅಂತಾರ್ರೀ ಮೇಡಂ" ಎಂದ.

ಹುಡುಗ ಸೋಮಾರಿ ಅಲ್ಲ. ಮಾಡಿದ ಕೆಲಸ ತೋರಿಸಲು ಹೆದರಿಕೆ, ಅಷ್ಟೇ. ಏನಾಯ್ತು ಹೇಳಪ್ಪ ಎಂದಾಗ ನೋಟ್‌ಬುಕ್ ತೆಗೆದ. ಒಂದು ಸಂಖ್ಯೆಯ ವರ್ಗದಿಂದ ಇನ್ನೊಂದರ ವರ್ಗದ 61 ಪಟ್ಟು ಕಳೆದರೆ 1 ಉಳಿಯಬೇಕು, ಎರಡೂ ಸೊನ್ನೆಗಿಂತ ದೊಡ್ಡ ಪೂರ್ಣಾಂಕಗಳಾಗಿರಬೇಕು. ಭಾಸ್ಕರಾಚಾರ್ಯರು 1150ರಲ್ಲೇ ಚಕ್ರವಾಲ ಎಂಬ, ಅದೇ ಹಂತಗಳನ್ನು ಮತ್ತೆ ಮತ್ತೆ ಮಾಡುವ ವಿಧಾನದಿಂದ ಬಿಡಿಸಿದ ಲೆಕ್ಕ ಇದು. ಅತಿ ಸಣ್ಣ ಉತ್ತರವೇ 1766319049 ಮತ್ತು 226153980. ಇವನ ಪ್ರೋಗ್ರಾಂ ಅದಕ್ಕೂ ಮೊದಲೇ 335159612, 42912791 ಜೋಡಿಯನ್ನು ಸರಿ ಎಂದು ತೋರಿಸಿತ್ತು. ಕೈಯಲ್ಲಿ ಗುಣಿಸಿ ಕಳೆದರೆ ಉಳಿದದ್ದು 1 ಅಲ್ಲ, 3. ಎರಡನೇ ಸಂಖ್ಯೆಯಿಂದ ಮೊದಲನೆಯದನ್ನು ಹುಡುಕಲು ಪ್ರೋಗ್ರಾಂನಲ್ಲಿ ವರ್ಗಮೂಲವನ್ನು ದಶಮಾಂಶದಲ್ಲಿ ತೆಗೆದಿದ್ದ. ಅದರಲ್ಲಿ 15-16 ಅಂಕಿಗಳಷ್ಟೇ ನಿಲ್ಲುತ್ತವಂತೆ, ಉಳಿದವು ಉದುರಿ ಹೋಗುತ್ತವೆ.

"ಇಷ್ಟೂ ತಿಳೀಲಿಲ್ಲಲ್ರೀ ನನಗ."

"ತಪ್ಪು ಹಿಡಿದೋರು ಯಾರು?"

ಸುಮ್ಮನಾದ. ಹಿಡಿದದ್ದು ಅವನೇ ಅಲ್ವಾ!

ಸಲಹೆ ಹೀಗಿತ್ತು. ಪ್ರತಿ ಶುಕ್ರವಾರ ಗೈಡ್ ಹತ್ತಿರ ಒಂದೇ ಹಾಳೆ ಒಯ್ಯುವುದು: ಏನು ಕೇಳಿದೆ, ಕಂಪ್ಯೂಟರ್ ಏನು ಕೊಟ್ಟಿತು, ಹೇಗೆ ಪರೀಕ್ಷಿಸಿದೆ. ಉತ್ತರ ಗೊತ್ತಿರುವ ಲೆಕ್ಕಗಳಲ್ಲಿ ಪ್ರೋಗ್ರಾಂ ಪಾಸಾಗುವವರೆಗೆ ಹೊಸದಕ್ಕೆ ಕೈ ಹಾಕಬಾರದು. ಮೊದಲ ಹಾಳೆಯಲ್ಲಿ ಈ 3ರ ಕಥೆಯೇ ಇರಲಿ ಎಂದೆ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ನೋಡಲೇಬೇಕು ಎಂದೂ ಹೇಳಿದೆ.

ಅವನ ಒಪ್ಪಿಗೆ ಪಡೆದು ಗೈಡ್ ಜೊತೆಗೂ ಮಾತಾಡಿದೆ. ಒಳ್ಳೆಯ ಮನುಷ್ಯ, ಪೆನ್ನು-ಹಾಳೆಯಲ್ಲೇ ಗಣಿತ ಕಲಿತವರು. "ಪಾರಿ ಅಂತ ಫ್ರೀ ಸಾಫ್ಟ್‌ವೇರ್ ಐತಿ, ನೋಡ್ಕೋ ಅಂತ ಹೇಳೀನಲ್ಲ" ಎಂದರು. ಪಾರಿ ಫ್ರಾನ್ಸಿನ ಬೋರ್ಡೋದಲ್ಲಿ ಹುಟ್ಟಿದ್ದು, ಎಷ್ಟೇ ದೊಡ್ಡ ಪೂರ್ಣಾಂಕವನ್ನೂ ಅಂಕಿ ಬಿಡದೆ ಹಿಡಿಯುತ್ತದೆ. ಸರಿ, ಆದರೆ ನೋಡ್ಕೋ ಅಂದರೆ ಕಲಿಸಿದಂತಾಯಿತೇ? ಎಂಎಸ್ಸಿಯಲ್ಲಿ ಪ್ರೋಗ್ರಾಂ ಬರೆದೇ ಇಲ್ಲದ ಹುಡುಗ. ಅರ್ಧ ಗಂಟೆ ಅದೇ ಸ್ಕ್ರೀನ್ ಮುಂದೆ ಜೊತೆಗೆ ಕೂಡಿ, "ಯಾವಾಗ ಮುಗೀತೈತಿ" ಬದಲು "ಹೆಂಗ್ ಚೆಕ್ ಮಾಡಿದಿ" ಎಂದು ಕೇಳಿ ಎಂದೆ.

ಒಪ್ಪಿದರು. ನಿದ್ದೆಯೂ ಸುಧಾರಿಸಿದೆ. ಹುಡುಗನ ಈಗಿನ ದೂರು, ಸರ್ ಬೆಳಗ್ಗೆ ಎಂಟಕ್ಕೇ ಕರೆಯುತ್ತಾರೆ ಅನ್ನೋದು.